ಆನ್‌ಲೈನ್ ಆಟಕ್ಕೆ ಮ್ಯಾಪ್ ಮಾಡುವವರು ಇಲ್ಲಿ ಬನ್ನಿ: ಯಾವ ಟೂಲ್, ಎಷ್ಟು ದೊಡ್ಡ ಮ್ಯಾಪ್, ಎಷ್ಟು ಹೊತ್ತಿನ ಕೆಲಸ?

ಹೊಸಜಿಎಂ:
ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಗೆಳೆಯರು, ಒಬ್ಬೊಬ್ಬರು ಒಂದೊಂದು ಕಡೆ ಇದ್ದೇವೆ. ಎರಡು ವರ್ಷದಿಂದ ವಾಯ್ಸ್ ಕಾಲ್‌ನಲ್ಲೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಆಡುವ ಆಟ) ಆಡುತ್ತಿದ್ದೇವೆ. ಆಟ ನಡೆಸುವುದು ನಾನು. ಹೋದ ತಿಂಗಳವರೆಗೆ ಮ್ಯಾಪ್ ಇರಲಿಲ್ಲ, ಎಲ್ಲ ಬಾಯಿಮಾತಲ್ಲೇ.

ಹೋದ ತಿಂಗಳು ಒಂದು ಹಗ್ಗದ ಸೇತುವೆ ಮೇಲೆ ಕಾಳಗ ಬಂತು. ಇಬ್ಬರು ತಾವು ಸೇತುವೆಯ ಈಚೆ ಇದ್ದೇವೆ ಅಂದುಕೊಂಡಿದ್ದರು. ನನ್ನ ತಲೆಯಲ್ಲಿ ಅವರು ಆಚೆ ದಡದಲ್ಲಿದ್ದರು. ನಾನು ಸೇತುವೆ ಕಡಿದುಬಿಟ್ಟೆ. ಆಮೇಲೆ ಇಪ್ಪತ್ತು ನಿಮಿಷ ವಾದ. ಯಾರದ್ದೂ ತಪ್ಪಲ್ಲ, ಆದರೆ ಆಟದ ಬಿಸಿ ಆರಿಹೋಯಿತು.

ಆವತ್ತೇ ಮ್ಯಾಪ್ ಮಾಡೋಣ ಅಂತ ನಿರ್ಧರಿಸಿದೆ. ನಾಲ್ಕು ಸಂಜೆ ಕೂತು ಒಂದು ಕೋಟೆ ಮಾಡಿದೆ. ಅಡುಗೆಮನೆಯ ಪಾತ್ರೆ, ಕಪಾಟಿನ ಪುಸ್ತಕ, ಎಲ್ಲ ಇಟ್ಟೆ. ಆಟದ ದಿನ ಮ್ಯಾಪ್ ತೆರೆದ ತಕ್ಷಣ ಇಬ್ಬರ ಬ್ರೌಸರ್ ಟ್ಯಾಬ್ ಮುಚ್ಚಿಕೊಂಡಿತು. ಉಳಿದವರು ಕೋಟೆಯ ಹಿಂದಿನ ಚರಂಡಿಯಿಂದ ನುಗ್ಗಿ ನೇರ ನೆಲಮಾಳಿಗೆಗೆ ಹೋದರು. ನೆಲಮಾಳಿಗೆಯ ಮ್ಯಾಪ್ ನಾನು ಮಾಡಿರಲೇ ಇಲ್ಲ.

ಮುಂದಿನ ಆಟಕ್ಕೆ ಎರಡು ವಾರ ಇದೆ. ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ಯಾವ ಟೂಲ್ ಹಿಡಿಯಲಿ? ಟ್ಯಾಬ್ ಯಾಕೆ ಬಿದ್ದುಹೋಯಿತು?

ಗೆರೆಗಾರ:
ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಮ್ಯಾಪ್ ಮಾಡುವ ಟೂಲ್ ಒಂದು. ಮ್ಯಾಪ್ ಇಟ್ಟು ಆಡುವ ಜಾಗ, ಅಂದರೆ ವರ್ಚುವಲ್ ಟೇಬಲ್‌ಟಾಪ್, ಇನ್ನೊಂದು. ಹೊಸಬರು ಎರಡನ್ನೂ ಒಂದೇ ದಿನ ಕಲಿಯಲು ಹೋಗಿ ಸುಸ್ತಾಗುತ್ತಾರೆ.

ಆಡುವ ಜಾಗದ ಮಾತು ಬೇಗ ಮುಗಿಸುತ್ತೇನೆ. ರೋಲ್20 ಎಂಬುದು 2012ರಿಂದ ಇದೆ, ಬ್ರೌಸರ್‌ನಲ್ಲೇ ನಡೆಯುತ್ತದೆ, ಸುಮ್ನೆ ಖಾತೆ ತೆರೆದು ಶುರು ಮಾಡಬಹುದು. ಫೌಂಡ್ರಿ 2020ರಲ್ಲಿ ಬಂತು. ಜಿಎಂ (ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು) ಒಬ್ಬರು ಒಂದು ಸಲ ಕೊಂಡರೆ ಸಾಕು, ಆಟಗಾರರು ಏನೂ ಕೊಡಬೇಕಿಲ್ಲ. ಆದರೆ ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲೋ ಬಾಡಿಗೆ ಸರ್ವರ್‌ನಲ್ಲೋ ನೀವೇ ನಡೆಸಬೇಕು. ಔಲ್‌ಬೇರ್ ರೋಡಿಯೋ ಎಲ್ಲಕ್ಕಿಂತ ಹಗುರ. ಲಿಂಕ್ ಕಳಿಸಿದರೆ ಆಟಗಾರರು ಒಳಗೆ ಬರುತ್ತಾರೆ. ಮ್ಯಾಪ್ ಹಾಕು, ಟೋಕನ್ (ಪಾತ್ರ ಎಲ್ಲಿದೆ ಅಂತ ತೋರಿಸುವ ಬಿಲ್ಲೆ) ಇಡು, ಆಡು. ನಿಮ್ಮ ಗುಂಪಿಗೆ ಈಗ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಮಾಡುವ ಟೂಲ್ ಆರಿಸುವ ಮೊದಲು ಎಷ್ಟು ದೂರದಿಂದ ನೋಡುವ ಮ್ಯಾಪ್ ಬೇಕು ಅಂತ ಕೇಳಿಕೊಳ್ಳಿ. ಇಡೀ ರಾಜ್ಯ ತೋರಿಸಬೇಕಾ, ಒಂದು ಪಟ್ಟಣವಾ, ಒಂದು ಕೋಣೆಯಾ? ಮೂರಕ್ಕೂ ಒಂದೇ ಟೂಲ್ ಹಿಡಿದರೆ ಮೂರೂ ಅರ್ಧಂಬರ್ಧ ಆಗುತ್ತವೆ.

ರಾಜ್ಯಕ್ಕೆ ಅಜ್ಗಾರ್‌ನ ಫ್ಯಾಂಟಸಿ ಮ್ಯಾಪ್ ಜನರೇಟರ್ ನೋಡಿ. ಉಚಿತ, ಓಪನ್ ಸೋರ್ಸ್. ಬ್ರೌಸರ್‌ನಲ್ಲಿ ತೆರೆದ ಕೂಡಲೇ ಕರಾವಳಿ, ನದಿ, ಗಡಿ, ಊರ ಹೆಸರು ಸಮೇತ ಒಂದು ಖಂಡ ಎದ್ದು ಬರುತ್ತದೆ. ಇಷ್ಟವಾಗದಿದ್ದರೆ ಇನ್ನೊಂದು. ಕೈಯಿಂದಲೇ ಮಾಡುವ ಆಸೆ ಇದ್ದರೆ ವಂಡರ್‌ಡ್ರಾಫ್ಟ್ ಅಥವಾ ಇಂಕಾರ್ನೇಟ್. ಪಟ್ಟಣಕ್ಕೆ ವಾಟಬೌ ಅವರ ಮಧ್ಯಯುಗದ ನಗರ ಜನರೇಟರ್ ಇದೆ: ಕೋಟೆಗೋಡೆ, ಸಂತೆ ಚೌಕ, ಓಣಿಗಳು, ಎಲ್ಲ ಒಂದು ಕ್ಲಿಕ್.

ನಿಮಗೆ ಬೇಕಿರುವುದು ಮೂರನೆಯದು, ಕಾಳಗದ ಮ್ಯಾಪ್. ಅದಕ್ಕೆ ಡಂಜನ್ ಸ್ಕ್ರಾಲ್‌ನಿಂದ ಶುರು ಮಾಡಿ. ಬ್ರೌಸರ್‌ನಲ್ಲೇ ಇದೆ, ದುಡ್ಡು ಬೇಡ. ಮೌಸ್ ಎಳೆದರೆ ಕೋಣೆ, ಇನ್ನೊಂದು ಸಲ ಎಳೆದರೆ ದಾರಿ. ಎರಡೂ ತಾನಾಗಿ ಕೂಡಿಕೊಳ್ಳುತ್ತವೆ, ಸುತ್ತ ಮಸಿಗೆರೆಯ ಅಂಚು ಬರುತ್ತದೆ. ಚಿತ್ರ ಬಾರದವರಿಗೂ ಹತ್ತು ನಿಮಿಷದಲ್ಲಿ ಐದು ಕೋಣೆಯ ನೆಲಮಾಳಿಗೆ ಸಿದ್ಧ. ಪಾತ್ರೆ, ಪುಸ್ತಕ, ಕಾರ್ಪೆಟ್ ಇರುವ ಬಣ್ಣದ ಮ್ಯಾಪ್ ಬೇಕು ಅನ್ನಿಸಿದ ದಿನ ಡಂಜನ್‌ಡ್ರಾಫ್ಟ್‌ಗೆ ಹೋಗಿ. ಅದು ಒಂದೇ ಸಲ ಕೊಳ್ಳುವ ಪ್ರೋಗ್ರಾಂ, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ.

ಹಳೇಲ್ಯಾಪ್‌ಟಾಪ್:
ಟ್ಯಾಬ್ ಬಿದ್ದ ವಿಷಯ ನಾನು ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಪ್ರತಿ ಸಲ ಬೀಳುತ್ತಿದ್ದುದು ನನ್ನ ಟ್ಯಾಬೇ.

ಮ್ಯಾಪ್ ಮೇಲೆ ಟೋಕನ್ ಇಡುವ ಚೌಕಗಳಿರುತ್ತವಲ್ಲ, ಕೋಟೆಯ ಮ್ಯಾಪ್ ಎಷ್ಟು ಚೌಕ ಇತ್ತು? ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಟೂಲ್‌ನಿಂದ ಚಿತ್ರವಾಗಿ ಹೊರತೆಗೆಯುವಾಗ, ಒಂದು ಚೌಕಕ್ಕೆ ಎಷ್ಟು ಪಿಕ್ಸೆಲ್ ಕೊಟ್ಟಿರಿ?

ಹೊಸಜಿಎಂ:
ಈಗ ನೋಡಿದೆ. 60 ಚೌಕ ಅಗಲ, 60 ಚೌಕ ಉದ್ದ. ಚೌಕಕ್ಕೆ 200 ಪಿಕ್ಸೆಲ್. ಜಾಸ್ತಿ ಇದ್ದಷ್ಟೂ ಚೆನ್ನ ಅಂದುಕೊಂಡೆ. ಫೈಲ್ ಬರೀ 18 ಎಂಬಿ ಇತ್ತು, ಅದೇನು ದೊಡ್ಡದಲ್ಲ ಅಲ್ವಾ?

ಹಳೇಲ್ಯಾಪ್‌ಟಾಪ್:
ಎಲ್ಲರೂ ಎಡವುವುದು ಅಲ್ಲೇ. 18 ಎಂಬಿ ಅನ್ನುವುದು ಡಿಸ್ಕ್ ಮೇಲಿನ ಲೆಕ್ಕ. ಜೆಪೆಗ್ ಆಗಲಿ ವೆಬ್‌ಪಿ ಆಗಲಿ, ಅದು ಮಡಚಿಟ್ಟ ಹಾಸಿಗೆ ಇದ್ದ ಹಾಗೆ. ಪರದೆಗೆ ಬರಬೇಕಾದರೆ ಪೂರ್ತಿ ಬಿಚ್ಚಲೇಬೇಕು. ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್: ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಒಂದೊಂದಕ್ಕೆ ಒಂದೊಂದು.

ನಿಮ್ಮ ಮ್ಯಾಪ್ 60 × 200 = 12,000 ಪಿಕ್ಸೆಲ್ ಅಗಲ, ಅಷ್ಟೇ ಉದ್ದ. ಒಟ್ಟು 14 ಕೋಟಿ 40 ಲಕ್ಷ ಪಿಕ್ಸೆಲ್. ಗುಣಿಲೆ 4 ಅಂದರೆ 576 ಎಂಬಿ. ಒಂದು ಚಿತ್ರಕ್ಕೆ! ಅದರ ಮೇಲೆ ಟೋಕನ್, ಬೆಳಕು, ವಾಯ್ಸ್ ಕಾಲ್. ನನ್ನಂಥವರ ಲ್ಯಾಪ್‌ಟಾಪ್ ಎಲ್ಲಿ ತಡೆಯುತ್ತದೆ? ಇನ್ನೊಂದು ತೊಂದರೆಯೂ ಇದೆ. ಗ್ರಾಫಿಕ್ಸ್ ಚಿಪ್ ಒಂದು ಚಿತ್ರದ ಉದ್ದಗಲಕ್ಕೆ ಮಿತಿ ಹಾಕುತ್ತದೆ. ಹಳೆಯ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಆ ಮಿತಿ 4096 ಪಿಕ್ಸೆಲ್ ಇರಬಹುದು, ಆಮೇಲಿನವುಗಳಲ್ಲಿ 8192 ಅಥವಾ 16,384. ಮಿತಿ ದಾಟಿದರೆ ಮ್ಯಾಪ್ ಕಪ್ಪಾಗಿ ಕಾಣುವುದೂ ಉಂಟು.

ಅದೇ ಈಗ 30 × 40 ಚೌಕದ ಮ್ಯಾಪ್ ತೆಗೆದುಕೊಳ್ಳಿ. ಚೌಕಕ್ಕೆ 100 ಪಿಕ್ಸೆಲ್ ಕೊಟ್ಟರೆ 3000 × 4000. ಬಿಚ್ಚಿದಾಗ 48 ಎಂಬಿ. 70 ಕೊಟ್ಟರೆ 24 ಎಂಬಿಗೂ ಸ್ವಲ್ಪ ಕಡಿಮೆ. ರೋಲ್20ಯಲ್ಲಿ ಒಂದು ಚೌಕ ಮೂಲದಲ್ಲೇ 70 ಪಿಕ್ಸೆಲ್, ಫೌಂಡ್ರಿಯಲ್ಲಿ 100. ಆಡುವಾಗ ಪರದೆಯಲ್ಲಿ ಇಪ್ಪತ್ತು ಮೂವತ್ತು ಚೌಕ ಒಟ್ಟಿಗೆ ಕಾಣುತ್ತಿರುತ್ತವೆ. ಅದಕ್ಕಿಂತ ಜಾಸ್ತಿ ಪಿಕ್ಸೆಲ್ ಇದ್ದರೂ ಕಣ್ಣಿಗೆ ತಲುಪುವುದೇ ಇಲ್ಲ.

ದಯವಿಟ್ಟು ಎಲ್ಲ ಜಿಎಂಗಳಿಗೂ ಹೇಳುತ್ತೇನೆ: ಗುಂಪಿನಲ್ಲಿ ಯಾರ ಯಂತ್ರ ಎಲ್ಲಕ್ಕಿಂತ ಹಳೆಯದೋ ಅವರಿಗೆ ಮೊದಲು ಲಿಂಕ್ ಕಳಿಸಿ, ತೆರೆಯುತ್ತದಾ ಅಂತ ಕೇಳಿ. ನಾನು ಎರಡು ಆಟ ಪೂರ್ತಿ ಬರೀ ದನಿ ಕೇಳುತ್ತಾ ಕೂತಿದ್ದೇನೆ. ಎಲ್ಲರೂ "ಅಬ್ಬಾ, ಎಂಥಾ ಮ್ಯಾಪ್" ಅನ್ನುತ್ತಿದ್ದರು. ನನ್ನ ಮುಂದೆ ತಿರುಗುತ್ತಿರುವ ಚಕ್ರ ಮಾತ್ರ.

ಹೊಸಜಿಎಂ:
ಓದಿ ಬೇಜಾರಾಯಿತು. ನಮ್ಮಲ್ಲೂ ಆ ಇಬ್ಬರು ಆವತ್ತು ಏನೂ ಹೇಳದೆ ಕೂತಿದ್ದರು. ಈಗಲೇ ಅವರಿಗೆ ಮೆಸೇಜ್ ಮಾಡಿದೆ.

ಇಪ್ಪತ್ತುಮುಖ:
ಟೂಲ್ ಬಗ್ಗೆ ಗೆರೆಗಾರ ಹೇಳಿದ್ದು ಸರಿ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಆಟಗಾರ ಮ್ಯಾಪ್ ನೋಡಿದಾಗ "ನಾನೀಗ ಎಲ್ಲಿಗೆ ಹೋಗಲಿ?" ಅನ್ನುವ ಯೋಚನೆ ಹುಟ್ಟಬೇಕು. ಹುಟ್ಟದಿದ್ದರೆ ಅದು ಗೋಡೆಗೆ ಹಾಕುವ ಚಿತ್ರ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಚೌಕ ಅಂದರೆ 5 ಅಡಿ. ತುಂಬಾ ಜನ ದಾರಿಯನ್ನು ಒಂದು ಚೌಕ ಅಗಲ ಮಾಡುತ್ತಾರೆ, ನೋಡಲು ನೀಟಾಗಿರುತ್ತದೆ. ಅಲ್ಲಿ ಕಾಳಗ ಬಂದರೆ ಏನಾಗುತ್ತದೆ? ಐದು ಜನ ಸಾಲಾಗಿ ನಿಂತುಬಿಡುತ್ತಾರೆ. ಮುಂದಿನವನು ಹೊಡೆಯುತ್ತಾನೆ, ಹಿಂದಿನ ನಾಲ್ವರು ಅವನ ಬೆನ್ನು ನೋಡುತ್ತಾರೆ. ದಾರಿಯನ್ನು ಎರಡು ಚೌಕ ಮಾಡಿ ನೋಡಿ. ಈಗ ಇಬ್ಬರು ಮುಂದೆ, ಹಿಂದಿನವರು ಸಂದಿಯಲ್ಲಿ ಬಾಣ ಬಿಡಬಹುದು, ಗಾಯಗೊಂಡವನು ಹಿಂದೆ ಸರಿಯಬಹುದು. ಬದಲಾಗಿದ್ದು ಒಂದೇ ಚೌಕ.

ದೊಡ್ಡ ಮ್ಯಾಪ್‌ನ ತೊಂದರೆಯೂ ಇದೇ ಲೆಕ್ಕದಲ್ಲಿ ಸಿಗುತ್ತದೆ. ಸಾಮಾನ್ಯ ಪಾತ್ರ ಒಂದು ಸುತ್ತಿನಲ್ಲಿ 30 ಅಡಿ ನಡೆಯುತ್ತದೆ, ಅಂದರೆ 6 ಚೌಕ. 40 ಚೌಕದ ಅಂಗಳ ದಾಟಲು ಏಳು ಸುತ್ತು ಬೇಕು, ಓಡಿದರೂ ನಾಲ್ಕು. ಅಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಕತ್ತಿ ಹಿಡಿದವನು ಇಡೀ ಸಂಜೆ ನಡೆಯುತ್ತಲೇ ಇರುತ್ತಾನೆ. ನಾನು ಈಗ ಕಾಳಗದ ಜಾಗ 20 × 25 ಚೌಕಕ್ಕಿಂತ ದೊಡ್ಡದು ಮಾಡುವುದೇ ಕಡಿಮೆ.

ಪ್ರತಿ ಮ್ಯಾಪ್‌ನಲ್ಲೂ ಮೂರು ಸಂಗತಿ ಇವೆಯಾ ಅಂತ ನೋಡುತ್ತೇನೆ. ಬಚ್ಚಿಟ್ಟುಕೊಳ್ಳಲು ಏನಾದರೂ ಇರಬೇಕು. ಎತ್ತರ ತಗ್ಗು ಇರಬೇಕು, ಒಂದು ಮೆಟ್ಟಿಲಾದರೂ ಸಾಕು. ಒಳಗೆ ಬರಲು ಒಂದಕ್ಕಿಂತ ಹೆಚ್ಚು ದಾರಿ ಇರಬೇಕು. ನಿಮ್ಮ ಆಟಗಾರರು ಚರಂಡಿಯಿಂದ ನುಗ್ಗಿದ್ದು ಬೇಜಾರಿನ ವಿಷಯ ಅಲ್ಲ, ಖುಷಿಯ ವಿಷಯ. ಅವರು ಯೋಚನೆ ಮಾಡುತ್ತಿದ್ದಾರೆ. ನೀವು ನಾಲ್ಕು ಸಂಜೆಯನ್ನು ಒಂದೇ ಮ್ಯಾಪ್‌ಗೆ ಕೊಡದೆ ಮೂರು ಒರಟು ಮ್ಯಾಪ್‌ಗೆ ಹಂಚಿದ್ದರೆ ನೆಲಮಾಳಿಗೆಯೂ ಇರುತ್ತಿತ್ತು.

ಮಸಿಪೆನ್:
ನಾನು ಕಾಗದದ ಮೇಲೆ ಬಿಡಿಸಿ, ಫೋನ್‌ನಲ್ಲಿ ಫೋಟೋ ಹೊಡೆದು ಹಾಕುತ್ತೇನೆ. ಆನ್‌ಲೈನ್ ಆಟಕ್ಕೆ ಡಿಜಿಟಲ್ ಟೂಲೇ ಆಗಬೇಕು ಅಂತ ಏನಿಲ್ಲ. ಚೌಕದ ನೋಟ್‌ಬುಕ್ ಹಾಳೆ, ಕಪ್ಪು ಪೆನ್ನು, ಕಿಟಕಿ ಬೆಳಕು ಸಾಕು. ಕಾಗದ ಬೂದುಬಣ್ಣ ಕಾಣುತ್ತಿದ್ದರೆ ಗಿಂಪ್‌ನಲ್ಲಿ (ಚಿತ್ರ ತಿದ್ದುವ ಉಚಿತ ಪ್ರೋಗ್ರಾಂ) "ಲೆವೆಲ್ಸ್" ತೆರೆದು ಬಿಳಿ ತುದಿ, ಕಪ್ಪು ತುದಿ ಎರಡನ್ನೂ ಒಳಗೆ ಎಳೆಯಿರಿ, ಹಾಳೆ ಬೆಳ್ಳಗಾಗಿ ಮಸಿ ಕಪ್ಪಾಗುತ್ತದೆ.

ಆದರೆ ಗ್ರಿಡ್, ಅಂದರೆ ಚೌಕಗಳ ಬಲೆ, ಹೊಂದಿಸುವುದನ್ನು ಕಲಿಯಲೇಬೇಕು. ಹಾಳೆಯಿಂದ ಬಂದದ್ದಾಗಲಿ, ಬೇರೆಯವರ ಮ್ಯಾಪ್ ಆಗಲಿ, ಎಲ್ಲರಿಗೂ ಇದೇ ತಲೆನೋವು. ಒಂದು ಸಲ ನಡೆದದ್ದು ಹೇಳುತ್ತೇನೆ. ಚಿತ್ರ 2130 ಪಿಕ್ಸೆಲ್ ಅಗಲ, 30 ಚೌಕ. ಅಂದರೆ ಚೌಕಕ್ಕೆ 71. ನನ್ನ ಟೇಬಲ್‌ಟಾಪ್‌ನ ಗ್ರಿಡ್ 70. ಒಂದು ಪಿಕ್ಸೆಲ್ ತಾನೇ ಅಂತ ಬಿಟ್ಟೆ. ಎಡಗಡೆ ಎಲ್ಲ ಸರಿಯಾಗಿ ಕೂತಿತ್ತು. ಬಲಗಡೆಗೆ ಬರುವ ಹೊತ್ತಿಗೆ 30 ಪಿಕ್ಸೆಲ್ ಆಚೀಚೆ, ಸುಮಾರು ಅರ್ಧ ಚೌಕ. ಟೋಕನ್‌ಗಳು ಅರ್ಧ ಗೋಡೆಯೊಳಗೆ ನಿಂತಿದ್ದವು. "ನಾನು ಬಾಗಿಲಲ್ಲಿದ್ದೇನಾ, ಕೋಣೆಯಲ್ಲಿದ್ದೇನಾ?" ಅಂತ ಪ್ರತಿ ಸುತ್ತಿನಲ್ಲೂ ಕೇಳಿಸಿಕೊಂಡೆ.

ಪರಿಹಾರ ಸುಲಭ. ಚಿತ್ರದ ಅಂಚನ್ನು ಗ್ರಿಡ್ ಗೆರೆಗೆ ಸರಿಯಾಗಿ ಕತ್ತರಿಸಿ. ಉದ್ದಗಲ ಎಷ್ಟು ಚೌಕ ಅಂತ ಎಣಿಸಿ. ಆ ಸಂಖ್ಯೆಯನ್ನು 70ರಿಂದಲೋ 100ರಿಂದಲೋ ಗುಣಿಸಿ, ಬಂದ ಅಳತೆಗೇ ಚಿತ್ರದ ಗಾತ್ರ ಬದಲಿಸಿ. ಎಣಿಸಿದ ಸಂಖ್ಯೆಯನ್ನು ಫೈಲ್ ಹೆಸರಲ್ಲೇ ಬರೆದಿಡಿ: ನೆಲಮಾಳಿಗೆ_22x18. ಆರು ತಿಂಗಳ ನಂತರ ಮತ್ತೆ ಎಣಿಸುವ ಕೆಲಸ ತಪ್ಪುತ್ತದೆ.

ಇನ್ನೊಂದು ಮಾತು. ಎಕ್ಸ್‌ಪೋರ್ಟ್ ಮಾಡುವಾಗ ಗ್ರಿಡ್ ಗೆರೆ ಇಲ್ಲದ ಪ್ರತಿಯನ್ನೂ ಇಟ್ಟುಕೊಳ್ಳಿ. ಗೆರೆಯನ್ನು ಟೇಬಲ್‌ಟಾಪ್ ತಾನೇ ಹಾಕುತ್ತದೆ. ಎರಡೂ ಕಡೆ ಗೆರೆ ಇದ್ದರೆ ಜೋಡಿ ಗೆರೆ ಕಂಡು ಕಣ್ಣು ನೋಯುತ್ತದೆ.

ಕತ್ತಲಕೋಣೆ:
ಬೆಳಕಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲವಲ್ಲ! ನನ್ನ ಮಟ್ಟಿಗೆ ಆನ್‌ಲೈನ್ ಆಟದ ದೊಡ್ಡ ಸುಖ ಅದೇ. ಮೇಜಿನ ಮೇಲೆ ಕಾಗದ ಹರಡಿದರೆ ಎಲ್ಲ ಕೋಣೆ ಎಲ್ಲರಿಗೂ ಕಾಣುತ್ತದೆ. ಇಲ್ಲಿ ಪಂಜು ಹಿಡಿದವನಿಗೆ 20 ಅಡಿ ಚೆನ್ನಾಗಿ, ಇನ್ನು 20 ಅಡಿ ಮಬ್ಬಾಗಿ. ಅದರಾಚೆ ಕಪ್ಪು. ಆಟಗಾರ ಬಾಗಿಲ ಮೇಲೆ ಕ್ಲಿಕ್ ಮಾಡುತ್ತಾನೆ, ಬೆಳಕು ಒಳಗೆ ಬೀಳುತ್ತದೆ, ಮೂಲೆಯಲ್ಲಿ ಏನೋ ನಿಂತಿದೆ. ಕಾಲ್‌ನಲ್ಲಿ ಎಲ್ಲರೂ ಒಂದು ಕ್ಷಣ ಮೌನ. ಆ ಮೌನಕ್ಕೋಸ್ಕರ ನಾನು ಗೋಡೆ ಎಳೆಯುತ್ತೇನೆ.

ಗೋಡೆ ಎಳೆಯುವುದು ಅಂದರೆ ಚಿತ್ರದ ಮೇಲೆ ಕಣ್ಣಿಗೆ ಕಾಣದ ಗೆರೆ ಹಾಕುವುದು. ಟೇಬಲ್‌ಟಾಪ್‌ಗೆ ಚಿತ್ರದಲ್ಲಿರುವುದು ಕಲ್ಲೋ ನೀರೋ ಗೊತ್ತಾಗುವುದಿಲ್ಲ, ಈ ಗೆರೆ ನೋಡಿಯೇ ನೋಟವನ್ನು ತಡೆಯುತ್ತದೆ. ಫೌಂಡ್ರಿಯಲ್ಲಿ ಕಂಟ್ರೋಲ್ ಕೀ ಒತ್ತಿಕೊಂಡೇ ಇದ್ದರೆ ಒಂದರ ತುದಿಗೆ ಇನ್ನೊಂದು ಅಂಟಿಕೊಂಡು ಬರುತ್ತದೆ. ಗೆರೆಯನ್ನು ಗೋಡೆಯ ಒಳಅಂಚಿಗೆ ಹಾಕಬೇಡಿ, ದಪ್ಪದ ನಡುವೆ ಹಾಕಿ. ಅಂಚಿಗೆ ಹಾಕಿದರೆ ಗೋಡೆಯ ಕಲ್ಲು ಕತ್ತಲಲ್ಲಿ ಮುಳುಗಿ, ಕೋಣೆ ಶೂನ್ಯದಲ್ಲಿ ತೇಲುವ ಹಾಗೆ ಕಾಣುತ್ತದೆ. ನಡುವೆ ಹಾಕಿದರೆ ಅರ್ಧ ಕಲ್ಲು ಬೆಳಕಿಗೆ ಬರುತ್ತದೆ, ಇದು ಗೋಡೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಗುಹೆಯ ಅಂಕುಡೊಂಕಿನ ಹಿಂದೆ ಬೀಳಬೇಡಿ. ಪ್ರತಿ ತುಂಡು ಗೆರೆಯನ್ನೂ ಯಂತ್ರ ಲೆಕ್ಕ ಹಾಕಬೇಕು. ಟೋಕನ್ ಅಲುಗಿದಾಗಲೆಲ್ಲ ಮತ್ತೆ ಲೆಕ್ಕ. ನಾನು ಮೊದಲು ಒಂದು ಗುಹೆಗೆ ಇನ್ನೂರಕ್ಕೂ ಮಿಕ್ಕಿ ತುಂಡು ಹಾಕಿದ್ದೆ. ಆಮೇಲೆ ಮೂವತ್ತು ಉದ್ದ ಗೆರೆಗೆ ಇಳಿಸಿದೆ. ಆಡಿದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಆಟ ಮಾತ್ರ ಹಗುರಾಯಿತು.

ಡಂಜನ್‌ಡ್ರಾಫ್ಟ್ ಬಳಸಿದರೆ ಈ ಕೆಲಸವೇ ತಪ್ಪುತ್ತದೆ. ಯೂನಿವರ್ಸಲ್ ವಿಟಿಟಿ (ವಿಟಿಟಿ ಅಂದರೆ ವರ್ಚುವಲ್ ಟೇಬಲ್‌ಟಾಪ್) ಅಂತ ಒಂದು ಎಕ್ಸ್‌ಪೋರ್ಟ್ ಇದೆ. ಆ ಫೈಲ್‌ನಲ್ಲಿ ಚಿತ್ರದ ಜೊತೆಗೆ ಎಷ್ಟು ಚೌಕ, ಚೌಕಕ್ಕೆ ಎಷ್ಟು ಪಿಕ್ಸೆಲ್, ಗೋಡೆ ಎಲ್ಲಿ, ಬಾಗಿಲು ಎಲ್ಲಿ, ದೀಪ ಎಲ್ಲಿ, ಎಲ್ಲ ಇರುತ್ತದೆ. ಮಸಿಪೆನ್ ಹೇಳಿದ ಅರ್ಧ ಚೌಕದ ತೊಂದರೆಯೂ ಬರುವುದಿಲ್ಲ. ಫೌಂಡ್ರಿಗೆ ಇದನ್ನು ಓದುವ ಮಾಡ್ಯೂಲ್, ಅಂದರೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ, ಇದೆ.

ಗೆರೆಗಾರ:
ಒಪ್ಪುತ್ತೇನೆ, ಆದರೆ ಹೊಸಬರಿಗೆ ಮೊದಲ ದಿನವೇ ಬೆಳಕು ಬೇಡ. "ನನಗೆ ಏನೂ ಕಾಣ್ತಿಲ್ಲ" ಅಂತ ಮೂವರು ಒಟ್ಟಿಗೆ ಹೇಳಿದರೆ ಜಿಎಂ ಕೈಕಾಲು ಆಡುವುದಿಲ್ಲ. ಇಡೀ ಮ್ಯಾಪ್ ಮುಚ್ಚಿ, ಅವರು ಹೋದಹಾಗೆ ಒಂದೊಂದೇ ಕೋಣೆಯ ಮುಸುಕು ತೆಗೆಯಿರಿ. ಅದೇ ಹಳೆಯ, ಗಟ್ಟಿ ವಿಧಾನ.

ಕತ್ತಲಕೋಣೆ:
ಸರಿ, ಮೊದಲ ದಿನಕ್ಕೆ ಮುಸುಕು. ಮೂರನೇ ಆಟಕ್ಕೆ ಬೆಳಕು. ಅಷ್ಟಕ್ಕೆ ನಾನೂ ಒಪ್ಪಿದೆ.

ಬಣ್ಣಬೇರೆ:
ನನಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಲ್ಲಿನ ಮೇಲೆ ಕೆಂಪು ಉಂಗುರದ ಟೋಕನ್ ಇಟ್ಟರೆ ನನಗೆ ಅದು ಹುಲ್ಲೇ. ಮೂರು ಆಟ ಆದ ಮೇಲೆ ಧೈರ್ಯ ಮಾಡಿ ಹೇಳಿದೆ. ನಮ್ಮ ಜಿಎಂ ಮಾರನೇ ದಿನವೇ ಬದಲಾಯಿಸಿದರು. ಶತ್ರುಗಳಿಗೆ ಚೌಕದ ಅಂಚು, ನಮಗೆ ದುಂಡು ಅಂಚು. ಬಣ್ಣ ಹಾಗೇ ಇದೆ, ಆಕಾರ ಜೊತೆಗೆ ಬಂತು.

ಮ್ಯಾಪ್ ಮಾಡುವವರಿಗೆ ಒಂದು ವಿನಂತಿ. ಮುಗಿದ ಮೇಲೆ ಒಂದು ಸಲ ಕಪ್ಪುಬಿಳುಪು ಮಾಡಿ ನೋಡಿ. ಗೋಡೆ, ನೆಲ, ನೀರು ಆಗಲೂ ಬೇರೆ ಬೇರೆ ಕಂಡರೆ ನನಗೂ ಕಾಣುತ್ತದೆ. ನೆಲದ ಬಣ್ಣ ಸ್ವಲ್ಪ ಮಂಕಾಗಿದ್ದರೆ ಟೋಕನ್‌ಗಳು ಎಲ್ಲರಿಗೂ ಎದ್ದು ಕಾಣುತ್ತವೆ.

ಇಪ್ಪತ್ತುಮುಖ:
ಇದನ್ನು ಬರೆದದ್ದಕ್ಕೆ ಧನ್ಯವಾದ. ನನ್ನ ಹಳೆಯ ಮ್ಯಾಪ್ ಒಂದನ್ನು ಈಗಷ್ಟೇ ಕಪ್ಪುಬಿಳುಪು ಮಾಡಿ ನೋಡಿದೆ. ಲಾವಾ ಮತ್ತು ಕಲ್ಲುನೆಲ ಪೂರ್ತಿ ಒಂದೇ ಬಣ್ಣ. ಆ ಮ್ಯಾಪ್‌ನಲ್ಲಿ ಒಬ್ಬರು ನೇರ ಲಾವಾಕ್ಕೆ ಕಾಲಿಟ್ಟಿದ್ದರು. ಅವರಿಗೆ ಕಂಡಿರಲಿಲ್ಲವೇನೋ, ಕೇಳಬೇಕು.

ಹೊಸಜಿಎಂ:
ಒಂದು ಪ್ರಶ್ನೆ. ಎಐಗೆ ಹೇಳಿ ಮ್ಯಾಪ್ ಮಾಡಿಸಿದರೆ ಹೇಗೆ? ಗೆಳೆಯ ಒಬ್ಬ ಒಂದು ಕಳಿಸಿದ, ನೋಡಲು ಚೆನ್ನಾಗಿತ್ತು.

ಮಸಿಪೆನ್:
ಒಂದು ಸಲ ಪ್ರಯತ್ನಿಸಿದೆ. ಚೌಕಗಳು ಒಂದೇ ಅಳತೆಯಲ್ಲಿ ಇರಲಿಲ್ಲ, ಹಾಗಾಗಿ ಯಾವ ಗ್ರಿಡ್‌ಗೂ ಕೂರಲಿಲ್ಲ. ಮೆಟ್ಟಿಲು ಗೋಡೆಗೆ ಹೋಗಿ ನಿಂತಿತ್ತು. ಒಂದು ಕೋಣೆಗೆ ಬಾಗಿಲೇ ಇರಲಿಲ್ಲ. ಆಟಗಾರರು ಅಲ್ಲಿ ರಹಸ್ಯ ದಾರಿ ಇದೆ ಅಂತ ಅರ್ಧ ಗಂಟೆ ಹುಡುಕಿದರು. ಅವರ ನಂಬಿಕೆ ಹಾಳಾಯಿತು ಅಂತ ನನಗೆ ಬೇಸರ. ಮ್ಯಾಪ್‌ನಲ್ಲಿ ಇರುವುದೆಲ್ಲ ಯಾರೋ ಯೋಚಿಸಿ ಇಟ್ಟಿದ್ದು ಅನ್ನುವ ನಂಬಿಕೆ ಅದು.

ತಾನಾಗಿ ಆಗಬೇಕು ಅಂತಿದ್ದರೆ ವಾಟಬೌ ಅವರ ಒಂದು ಪುಟದ ಡಂಜನ್ ಜನರೇಟರ್ ಬಳಸಿ. ಅದು ನಿಯಮ ಇಟ್ಟುಕೊಂಡು ಕೋಣೆ ಜೋಡಿಸುತ್ತದೆ. ಪ್ರತಿ ಕೋಣೆಗೂ ದಾರಿ ಇರುತ್ತದೆ, ಚೌಕಗಳು ಸಮ, ಪಕ್ಕದಲ್ಲಿ ಪುಟ್ಟ ಟಿಪ್ಪಣಿಯೂ ಬರುತ್ತದೆ.

ಗೆರೆಗಾರ:
ಬೇರೆಯವರ ಕೆಲಸ ಬಳಸುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮೇಜು, ಮರ, ಪೀಪಾಯಿಗಳ ಚಿತ್ರದ ಕಟ್ಟುಗಳು ಫರ್ಗಾಟನ್ ಅಡ್ವೆಂಚರ್ಸ್, 2-ಮಿನಿಟ್ ಟೇಬಲ್‌ಟಾಪ್ ಇಂಥ ಕಡೆ ಸಿಗುತ್ತವೆ. ಎರಡನ್ನೂ ಒಂದೇ ಮ್ಯಾಪ್‌ನಲ್ಲಿ ಬೆರೆಸಬೇಡಿ, ಒಂದರ ಗೆರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಗೆಳೆಯರ ಜೊತೆ ಆಡುವುದು ಬೇರೆ, ಮ್ಯಾಪ್ ಹಂಚುವುದು ಬೇರೆ, ಮಾರುವುದು ಇನ್ನೂ ಬೇರೆ. ಮೂರಕ್ಕೂ ಶರತ್ತು ಬೇರೆ ಇರಬಹುದು. ಡೌನ್‌ಲೋಡ್ ಮಾಡಿದ ದಿನವೇ ಶರತ್ತಿನ ಪುಟವನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ. ವರ್ಷದ ನಂತರ ಯಾವ ಮರ ಯಾರದ್ದು ಅಂತ ನೆನಪಿರುವುದಿಲ್ಲ.

ಹೊಸಜಿಎಂ (ಎರಡು ವಾರದ ನಂತರ):
ನಿನ್ನೆ ಆಟ ಮುಗಿಯಿತು. ಹೇಗಾಯಿತು ಅಂತ ಹೇಳಲೇಬೇಕು.

ಡಂಜನ್ ಸ್ಕ್ರಾಲ್‌ನಲ್ಲಿ ಮೂರು ಮ್ಯಾಪ್ ಮಾಡಿದೆ: ನೆಲಮಾಳಿಗೆ, ಮೇಲಿನ ಅಂಗಳ, ಹಿಂದಿನ ಚರಂಡಿ. ಮೂರಕ್ಕೂ ಸೇರಿ ಎರಡು ಗಂಟೆ. ನೆಲಮಾಳಿಗೆ 22 × 18 ಚೌಕ, ಚೌಕಕ್ಕೆ 70 ಪಿಕ್ಸೆಲ್. 1540 × 1260 ಬಂತು. ಹಿಂದಿನ ದಿನ ಆ ಇಬ್ಬರಿಗೆ ಲಿಂಕ್ ಕಳಿಸಿದೆ, ಒಬ್ಬರು ಫೋನ್‌ನಲ್ಲೇ ತೆರೆದು ತೋರಿಸಿದರು.

ಕಾಳಗ ಎರಡು ಚೌಕದ ದಾರಿಯಲ್ಲೇ ಆಯಿತು. ಹಿಂದಿನ ಸಲ ಟ್ಯಾಬ್ ಬಿದ್ದಿದ್ದ ಗೆಳತಿ ಒಂದು ಪೀಪಾಯಿಯ ಹಿಂದೆ ಟೋಕನ್ ಸರಿಸಿ, "ಇಲ್ಲಿಂದ ನನಗೆ ಆ ಬಾಗಿಲು ಕಾಣುತ್ತದೆ, ಅವನಿಗೆ ನಾನು ಕಾಣಲ್ಲ, ಸರೀನಾ?" ಅಂದಳು. ನಾನು ಹೌದು ಅಂದೆ. ವಾದವೇ ಬರಲಿಲ್ಲ. ಎಲ್ಲರ ಕಣ್ಣ ಮುಂದೆ ಒಂದೇ ಪೀಪಾಯಿ ಇತ್ತು.

ಒಂದು ತಪ್ಪಾಯಿತು. ಮುಸುಕು ತೆಗೆಯುವಾಗ ಕೈತಪ್ಪಿ ಪಕ್ಕದ ಕೋಣೆಯನ್ನೂ ತೆರೆದುಬಿಟ್ಟೆ, ನಿಧಿ ಕಂಡುಬಿಟ್ಟಿತು. ಇದಕ್ಕೆ ಏನಾದರೂ ಉಪಾಯ ಇದೆಯಾ?

ಕತ್ತಲಕೋಣೆ:
ಇದೆ. ನಿಧಿ, ಬಲೆ, ಅಡಗಿರುವ ಪ್ರಾಣಿ ಇವನ್ನು ಮ್ಯಾಪ್ ಚಿತ್ರದೊಳಗೆ ಬಿಡಿಸಬೇಡಿ. ಬೇರೆ ಟೋಕನ್ ಮಾಡಿ, ಜಿಎಂಗೆ ಮಾತ್ರ ಕಾಣುವ ಹಾಗೆ ಅಡಗಿಸಿಡಿ. ಕೋಣೆ ಕೈತಪ್ಪಿ ತೆರೆದರೂ ಅವರಿಗೆ ಕಾಣುವುದು ಖಾಲಿ ನೆಲ.

ಹಳೇಲ್ಯಾಪ್‌ಟಾಪ್:
ಫೋನ್‌ನಲ್ಲೇ ತೆರೆಯಿತು ಅಂತ ಓದಿ ತುಂಬಾ ಖುಷಿಯಾಯಿತು. ಆ ಗೆಳತಿಗೆ ನನ್ನ ನಮಸ್ಕಾರ ಹೇಳಿ.